ಬೆಲ್ಲನನ್ನು ಯಾರ ಹತ್ತಿರ ಬಿಡುವುದು

ಎದೆಯ ಗಂಟನ್ನು ಮುಟ್ಟಿ ನೋಡಿ, ಕೈ ತೊಳೆದುಕೊಂಡು ಬಂದ ಡಾಕ್ಟರಮ್ಮ ಮೊದಲು ಕೇಳಿದ್ದು, ‘ನಿಮಗೆ ನಾಯಿ ಇದೆಯೇನಮ್ಮ?’ ಅಂತ. ಇದೆ ಅಂದೆ. ‘ವಯಸ್ಸೆಷ್ಟು ಅದಕ್ಕೆ?’ ‘ಚಿಕ್ಕದೇ, ಐದಾಗಿರಬಹುದು.’ ‘ಸದ್ಯ,’ ಅಂದರು. ಆ ಒಂದು ಮಾತಿನಲ್ಲೇ ನನಗೆ ಎಲ್ಲ ಅರ್ಥವಾಯಿತು. ಇಲ್ಲೇ ವಾಸಿಯಾಗುವ ಕಾಯಿಲೆಯಾಗಿದ್ದರೆ ನಮ್ಮೂರಿನಲ್ಲಿ ಯಾರೂ ನಾಯಿಯ ವಿಚಾರ ಎತ್ತುವುದಿಲ್ಲ. ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಬೇಕು, ಹೋದರೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಹೋಗದಿದ್ದರೆ ಬರುವ ಯುಗಾದಿಯ ಬೇವು ಬೆಲ್ಲ ನನ್ನ ಪಾಲಿಗಿಲ್ಲ. ಇಷ್ಟನ್ನೂ ಅವರು ಬಾಯಿಬಿಟ್ಟು ಹೇಳಿದ್ದು ಆಮೇಲೆ.

ನಮ್ಮೂರಿನ ಗಡಿಗೆ ಒಂದು ಹಳ್ಳವಿದೆ, ಹಳ್ಳಕ್ಕೊಂದು ಸೇತುವೆ. ಸೇತುವೆ ದಾಟಿದವರನ್ನು ಊರು ಮರೆಯುತ್ತದೆ. ಗಂಡ ಹೆಂಡತಿಯನ್ನು ಮರೆಯುತ್ತಾನೆ, ತಾಯಿ ಹೆತ್ತ ಮಗನನ್ನು ಮರೆಯುತ್ತಾಳೆ. ಅವರ ಮಾತು ಬಂದಾಗ ಎದುರಿಗಿದ್ದವರು ಒಂದು ಆಕಳಿಕೆ ತೆಗೆದು ಬೇರೆ ಮಾತಿಗೆ ಹೊರಳುತ್ತಾರೆ. ನಾಯಿ ಮಾತ್ರ ಮರೆಯುವುದಿಲ್ಲ. ಹೋದವರು ತಿರುಗಿ ಬಂದ ದಿನ ಅವರ ನಾಯಿ ಗುರುತು ಹಿಡಿದು ಮೈಮೇಲೆ ಹಾರಿತೋ, ಆ ಗಳಿಗೆಯಲ್ಲೇ ಎಲ್ಲರಿಗೂ ಎಲ್ಲವೂ ನೆನಪಾಗುತ್ತದೆ. ಹಾರಲಿಲ್ಲವೋ, ಬಂದವರು ಯಾರೋ ಪರವೂರಿನವರು. ಅವರನ್ನು ಯಾರೂ ಓಡಿಸುವುದಿಲ್ಲ, ಬಾಡಿಗೆಗೆ ಮನೆಯನ್ನೂ ಕೊಡುತ್ತಾರೆ. ನಮ್ಮ ಬೀದಿಯ ಕೊನೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸು ಎದುರುಮನೆಯ ರಂಗಧಾಮನಿಗೆ ಮಾತ್ರ ದಿನಾ ಒಂದು ಕಟ್ಟು ಹೆಚ್ಚು ಹಾಕುತ್ತಿದ್ದಳು. ಅವನು ಅವಳ ಮಗನೋ, ತಮ್ಮನೋ, ಗಂಡನೋ ನಮಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಆಯಮ್ಮನ ಸೊಪ್ಪು ಚೆನ್ನಾಗಿರುತ್ತದೆ ಅಂತ ಎಲ್ಲರ ಹತ್ತಿರ ಹೊಗಳುತ್ತಿದ್ದ.

ಸಂಸಾರ ಸಮೇತ ಹೊರಟುಬಿಡಬಹುದಿತ್ತಲ್ಲ ಅಂತ ಮುಂದೆ ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ನರ್ಸು ನನ್ನನ್ನು ಕೇಳಿದಳು. ಕೇಳುವವರಿಗೇನು. ನನ್ನ ಗಂಡ ತಿಪ್ಪೇಶನ ನಾಯಿ ಹೋದ ದೀಪಾವಳಿಯಲ್ಲಿ ಸತ್ತಿತ್ತು. ಅವನು ಸೇತುವೆ ದಾಟಿದರೆ ತಿರುಗಿ ಬರುವ ದಾರಿಯೇ ಇಲ್ಲ. ಅವನ ಹಿಟ್ಟಿನ ಗಿರಣಿ ಇಲ್ಲಿ, ಅವನ ಜನ ಇಲ್ಲಿ. ನಮ್ಮ ಮಗಳು ಕುಮುದ ಎರಡನೇ ಕ್ಲಾಸು, ಅವಳಿಗಿನ್ನೂ ನಾಯಿಯನ್ನೇ ತಂದಿರಲಿಲ್ಲ. ಹೋಗಬೇಕಾದವಳು ನಾನೊಬ್ಬಳೇ. ನನ್ನ ನಾಯಿ ಬೆಲ್ಲ ನಾನು ಬರುವವರೆಗೆ ನನ್ನವನಾಗಿಯೇ ಉಳಿಯಬೇಕು, ಅಷ್ಟೇ. ಅದೊಂದು ತಪ್ಪಿದರೆ ಗಂಡನೂ ಇಲ್ಲ, ಮಗಳೂ ಇಲ್ಲ.

ಮನೆಯಲ್ಲೇ ಬಿಟ್ಟುಹೋಗುವ ಹಾಗಿಲ್ಲ. ಹೋದವರ ಜೊತೆ ಅವರ ನಾಯಿಯೂ ಮನೆಯವರ ಮನಸ್ಸಿನಿಂದ ಜಾರುತ್ತದೆ. ಬೆಳಗೆದ್ದು ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಯಾವುದೋ ನಾಯಿ ಮಲಗಿದೆ ಅಂತ ಕೋಲು ತಗೊಂಡವರಿದ್ದಾರೆ. ಅದಕ್ಕೇ ನಮ್ಮಲ್ಲಿ ಹೊರಗಿನವರೊಬ್ಬರಿಗೆ ಒಪ್ಪಿಸುವ ಪದ್ಧತಿ. ಹೋಗುವವರು ತಮ್ಮ ಹಳೇ ಬಟ್ಟೆಯ ಚೂರೊಂದನ್ನು ನಾಯಿಯ ಕುತ್ತಿಗೆಗೆ ಕಟ್ಟಿ, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿ ಹೋಗುತ್ತಾರೆ. ನೋಡಿಕೊಳ್ಳುವವರಿಗೆ ಹೇಳಿದ ಮಾತು ನೆನಪಿರುತ್ತದೆ, ಹೇಳಿದವರು ಯಾರು ಅನ್ನುವುದು ನೆನಪಿರುವುದಿಲ್ಲ. ಮುಖವೇ ಗೊತ್ತಿಲ್ಲದವರಿಗೆ ಕೊಟ್ಟ ಮಾತನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವವರು ಬೇಕು. ಎಲ್ಲಿ ಹುಡುಕುತ್ತೀರಿ ಹೇಳಿ.

ತಿಪ್ಪೇಶ ಗಿರಣಿಯಿಂದ ಊಟಕ್ಕೆ ಬಂದವನು ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಅಂದ, ‘ದ್ಯಾವಮ್ಮನ ಹತ್ರ ಬಿಡೋಣ ಕಣೇ ವನಜ. ಅವಳ ನಾಯಿಗಳು ಎಷ್ಟು ಲಕ್ಷಣವಾಗಿದಾವೆ ನೋಡು.’

‘ಅದಕ್ಕೇ ಬೇಡ ಅನ್ನೋದು,’ ಅಂದೆ.

ನಮ್ಮೂರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಪ್ರೀತಿ ಮಾಡುವವರ ಕೈಗೆ ನಾಯಿ ಕೊಡಬಾರದು. ನಾಲ್ಕು ದಿನ ತಲೆ ಸವರಿದರೆ ಅದು ಅವರದಾಗುತ್ತದೆ. ಆಮೇಲೆ ನೀವು ಬಂದು ಸೇತುವೆಯ ಹತ್ತಿರ ಎದೆ ಬಡಿದುಕೊಂಡರೂ ಅದು ಅವರ ಸೆರಗಿನ ಹಿಂದೆಯೇ ನಿಂತಿರುತ್ತದೆ. ಒಳ್ಳೇ ಕೈ ಅಂದರೆ ನಮ್ಮಲ್ಲಿ ಒಣ ಕೈ. ಹೊತ್ತಿಗೆ ಸರಿಯಾಗಿ ಅನ್ನ ಹಾಕಬೇಕು, ಮುಟ್ಟಬಾರದು. ಅಂಥವರನ್ನು ಊರೆಲ್ಲ ಹುಡುಕಾಡುತ್ತಾರೆ. ಮನೆಯಲ್ಲಿ ಮಕ್ಕಳ ಜೊತೆಗೂ ಸರಿಯಾಗಿ ಮಾತಾಡದ ಗಡುಸು ಮನುಷ್ಯರಿಗೆ ಈ ಒಂದು ವಿಷಯದಲ್ಲಿ ನಮ್ಮೂರಿನಲ್ಲಿ ಬಹಳ ಮರ್ಯಾದೆ.

ಆದರೂ ತಿಪ್ಪೇಶನ ಮನಸ್ಸಿಗೆ ಯಾಕೆ ಬೇಜಾರು ಅಂತ ಒಂದು ಮಧ್ಯಾಹ್ನ ದ್ಯಾವಮ್ಮನ ಮನೆಗೆ ಹೋಗಿಬಂದೆ. ಅವಳು ಒಂಟಿ ಹೆಂಗಸು, ಹಪ್ಪಳ ಮಾಡಿ ಮಾರುತ್ತಾಳೆ. ಮಾಳಿಗೆಯ ಮೇಲೆ ಹಾಸಿದ ಪಂಚೆಗಳಲ್ಲಿ ಹಪ್ಪಳ ಒಣಗುತ್ತಿದ್ದವು, ಐದಾರು ನಾಯಿಗಳು ಸುತ್ತ ಮಲಗಿ ಕಾಗೆ ಕಾಯುತ್ತಿದ್ದವು. ‘ಬಾ ತಾಯಿ. ಯಾರು ಹೊಂಟಿರೋದು?’ ಅಂದಳು. ನಾನೇ ಅಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಕಾಯಿಲೆಯೇನು ಅಂತ ಕೇಳಲಿಲ್ಲ. ಅಷ್ಟರಲ್ಲಿ ನನ್ನ ಬೆಲ್ಲ, ಮುಂಡೇದು, ನೆಟ್ಟಗೆ ಹೋಗಿ ಅವಳ ತೊಡೆಯ ಮೇಲೆ ಗದ್ದ ಊರಿ ಕೂತ. ಅವಳು ಹಿಟ್ಟಿನ ಕೈಯಲ್ಲೇ ಅವನ ಕಿವಿ ಕೆರೆದಳು. ನಾನು ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡೆ. ಅಲ್ಲಿದ್ದ ಮೂರು ನಾಯಿಗಳ ಕುತ್ತಿಗೆಯಲ್ಲಿ ಬಣ್ಣಗೆಟ್ಟ ಬಟ್ಟೆ ಚೂರುಗಳಿದ್ದವು. ‘ಇವುಗಳ ಯಜಮಾನರು ಬರಲೇ ಇಲ್ವೇ?’ ಅಂತ ಕೇಳಿದೆ.

‘ಬಂದಿದ್ರು ತಾಯಿ. ಇವು ಗುರುತು ಹಿಡೀಲಿಲ್ಲ.’

ಇನ್ನೂ ಏನೋ ಹೇಳಲಿಕ್ಕಿದ್ದಳು. ನಾನು ಆಗಲೇ ಎದ್ದು ಬೆಲ್ಲನ ಹಗ್ಗ ಎಳೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಮೂರು ಮನೆ ಹಾಳು ಮಾಡಿ ಹೇಗೆ ಸಲೀಸಾಗಿ ಹೇಳ್ತಾಳೆ ನೋಡು ಅಂತ ದಾರಿಯುದ್ದಕ್ಕೂ ಬೈದುಕೊಂಡೆ.

ಕೊನೆಗೆ ಸಿಕ್ಕಿದವರು ಬೋರಲಿಂಗಯ್ಯ. ಮೊದಲು ನೀರುಗಂಟಿಯಾಗಿದ್ದವರು, ಊರಿನ ಬೀದಿಬೀದಿಗೆ ನಲ್ಲಿ ನೀರು ಬಿಡುವ ಕೆಲಸ. ತಮ್ಮ ಸ್ವಂತ ತಂಗಿಯ ಬೀದಿಗೂ ಒಂದು ಕೊಡ ಹೆಚ್ಚು ಬಿಟ್ಟವರಲ್ಲ. ಅವರ ತಂಗಿಯ ಮನೆಯ ಮದುವೆಯ ದಿನ ಹೊತ್ತಾಯಿತು ಅಂತ ವಾಲ್ವು ತಿರುಗಿಸಿ ನಡೆದುಬಿಟ್ಟಿದ್ದರಂತೆ. ಅವರ ಜಗುಲಿಯ ಮೇಲೆ ಒಂದು ಕುರ್ಚಿ, ಒಂದು ಚೊಂಬು ಬಿಟ್ಟರೆ ಏನೂ ಇರಲಿಲ್ಲ. ಬೆಲ್ಲ ಬಾಲ ಅಲ್ಲಾಡಿಸಿದ. ಅವರು ಅವನ ಕಡೆ ನೋಡಲೂ ಇಲ್ಲ. ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಅಳು ಬಂತು.

‘ಅನ್ನ ಹಾಕ್ತೀನಿ, ನೀರಿಡ್ತೀನಿ, ಎರಡು ಹೊತ್ತು ಹೊರಗೆ ಕರ್ಕೊಂಡು ಹೋಗ್ತೀನಿ,’ ಅಂದರು. ‘ಮುದ್ದು ಗಿದ್ದು ನನ್ನ ಕೈಲಾಗಲ್ಲಮ್ಮ.’

‘ನನಗೂ ಅದೇ ಬೇಕಾಗಿರೋದು. ಮುಟ್ಟಬೇಡಿ. ಹೆಸರು ಹಿಡಿದು ಕರೀಬೇಡಿ. ಹತ್ತಿರ ಬಂದ್ರೂ ದೂರ ಸರಿಸಿ.’

‘ಹೆಸರು ಹೇಳ್ಲೇಬೇಡಿ ಹಾಗಾದ್ರೆ,’ ಅಂದರು ಬೋರಲಿಂಗಯ್ಯ. ‘ಗೊತ್ತಿಲ್ದಿದ್ರೆ ಕರೆಯೋ ಮಾತೇ ಇಲ್ಲ.’

ಎಂಥ ಮನುಷ್ಯ ಅಂತ ಮೆಚ್ಚಿಕೊಂಡೆ. ನನ್ನ ನೀಲಿ ಸೀರೆಯ ಅಂಚು ಹರಿದು ಬೆಲ್ಲನ ಕುತ್ತಿಗೆಗೆ ಕಟ್ಟಿ ಕಂಬದ ಹತ್ತಿರ ಕೂರಿಸಿದೆ. ನಾನು ಹೊರಟಾಗ ಅವನು ಬೊಗಳಲಿಲ್ಲ. ನಾನು ಹಿಟ್ಟೋ ಬೇಳೆಯೋ ತರಲು ಹೋಗುತ್ತಿದ್ದೇನೆ ಅಂದುಕೊಂಡಿದ್ದನೋ ಏನೋ, ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿದ.

ಊರಿಗೆ ವಾರಕ್ಕೊಂದೇ ಬಸ್ಸು, ಶನಿವಾರ ಬರುತ್ತದೆ, ಶನಿವಾರವೇ ಹೋಗುತ್ತದೆ. ಆ ದಿನ ಕುಮುದ ನನ್ನ ಸೆರಗು ಬಿಡಲಿಲ್ಲ. ‘ಎಲ್ಲಾರೂ ಮರೀತಾರೆ, ನಾನು ಮರೆಯಲ್ಲಮ್ಮ. ನೋಡು ಬೇಕಾದ್ರೆ,’ ಅಂತ ಪೆನ್ನು ತಗೊಂಡು ಅಂಗೈ ಮೇಲೆ ದೊಡ್ಡದಾಗಿ ‘ಅಮ್ಮ’ ಅಂತ ಬರೆದುಕೊಂಡಳು. ಎಲ್ಲ ಮಕ್ಕಳೂ ಹೀಗೇ ಹೇಳುತ್ತವೆ, ಹೀಗೇ ಬರೆದುಕೊಳ್ಳುತ್ತವೆ. ಸಂಜೆ ಕೈ ತೊಳೆಯುವಾಗ ಅದನ್ನು ನೋಡಿ ಅವಳು ಏನಂದುಕೊಂಡಳೋ. ತಿಪ್ಪೇಶ ನನ್ನ ಚೀಲವನ್ನು ಸೀಟಿನ ಕೆಳಗಿಟ್ಟು, ಕಿಟಕಿಯ ಹೊರಗೆ ನಿಂತು, ‘ಹೆದರ್ಬೇಡ ಕಣೇ, ನಾನಿದೀನಿ,’ ಅಂದ. ಬಸ್ಸು ಹೊರಟಿತು. ಸೇತುವೆ ದಾಟಿದ ಮೇಲೆ ನಾನು ಹಿಂದಿನ ಗಾಜಿನಿಂದ ನೋಡಬಾರದಿತ್ತು, ನೋಡಿದೆ. ಅವನು ಕೈ ಎತ್ತಿದವನು ಹಾಗೇ ನಿಂತಿದ್ದ. ಆಮೇಲೆ ದೊಡ್ಡದಾಗಿ ಒಂದು ಆಕಳಿಕೆ ತೆಗೆದ. ಎತ್ತಿದ ಕೈಯನ್ನು ನೋಡಿಕೊಂಡು, ಅದರಲ್ಲೇ ತಲೆ ಕೆರೆದುಕೊಂಡು, ಮಗಳ ಕೈ ಹಿಡಿದು ಗಿರಣಿಯ ಕಡೆ ತಿರುಗಿದ.

ಆಸ್ಪತ್ರೆಯ ಕಥೆ ಹೇಳುವಂಥದ್ದೇನಿಲ್ಲ. ಒಂದು ಬದಿ ಕೊಯ್ದು ತೆಗೆದರು, ಆಮೇಲೆ ಸೂಜಿಯಲ್ಲಿ ವಿಷದಂಥ ಔಷಧಿ ಏರಿಸುತ್ತ ಹೋದರು. ಕೂದಲು ಉದುರಿತು, ತಿರುಗಿ ಬಂದಾಗ ಹತ್ತಿಯಷ್ಟು ಬೆಳ್ಳಗೆ ಬಂತು. ಅಕ್ಕಪಕ್ಕದ ಮಂಚದವರನ್ನು ನೋಡಲು ಜನ ಬರುತ್ತಿದ್ದರು, ಎಳನೀರು ತರುತ್ತಿದ್ದರು. ನಿಮ್ಮವರು ಯಾರೂ ಬರೋದಿಲ್ವೇ ಅಂತ ಕೇಳಿದರೆ, ಗಿರಣಿ ಕೆಲಸ, ಪುರಸೊತ್ತಿಲ್ಲ ಅನ್ನುತ್ತಿದ್ದೆ. ತೀರಾ ಕೈಲಾಗದ ದಿನಗಳಲ್ಲಿ ಗಂಡನನ್ನಾಗಲಿ ಮಗಳನ್ನಾಗಲಿ ನೆನೆಯಲು ನನಗೆ ಹೆದರಿಕೆ. ಬೋರಲಿಂಗಯ್ಯನವರ ಜಗುಲಿಯನ್ನು ನೆನೆಯುತ್ತಿದ್ದೆ. ಅಲ್ಲಿ ಕಂಬಕ್ಕೆ ಕಟ್ಟಿದ ಬೆಲ್ಲ ಇದ್ದಾನೆ, ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತದೆ, ಯಾರೂ ಅವನನ್ನು ಮುದ್ದು ಮಾಡುತ್ತಿಲ್ಲ. ಯಾರೂ ಮುದ್ದು ಮಾಡುತ್ತಿಲ್ಲ ಅನ್ನುವುದೇ ನನಗೆ ಧೈರ್ಯ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಯುವಕ ಕೂತಿದ್ದ. ಹೆಸರು ಕಾಸಿಂ. ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವ ಕೆಲಸ, ನಮ್ಮೂರಿನವನೇ ಅಂತೆ. ನನಗೆ ಗುರುತು ಸಿಗಲಿಲ್ಲ. ನಾನಿನ್ನೂ ಊರಿನಲ್ಲಿದ್ದಾಗಲೇ ಅವನು ಸೇತುವೆ ದಾಟಿದ್ದನೆಂದು ಕಾಣುತ್ತದೆ. ನಮ್ಮೂರಿನವರು ಹೊರಗೆ ಸಿಕ್ಕರೆ ಕೇಳುವ ಪ್ರಶ್ನೆಯನ್ನೇ ಅವನೂ ಕೇಳಿದ. ‘ನಾಯಿ ಯಾರ ಹತ್ರ ಅಕ್ಕಾ?’ ನೀರುಗಂಟಿ ಬೋರಲಿಂಗಯ್ಯನವರ ಹತ್ತಿರ ಅಂದೆ, ಸ್ವಲ್ಪ ಜಂಬದಿಂದಲೇ. ‘ನಿಂದು?’

‘ದ್ಯಾವಮ್ಮನ ಹತ್ರ.’

ನಾನು ಬುತ್ತಿ ಬಿಚ್ಚಿ ಎರಡು ಚಪಾತಿ ಅವನ ಕೈಗಿಟ್ಟೆ. ಪಾಪ, ಇನ್ನೊಂದು ಗಂಟೆಯಲ್ಲಿ ಈ ಹುಡುಗ ದಿಕ್ಕಿಲ್ಲದವನಾಗುತ್ತಾನೆ, ಊಟವಾದರೂ ಮಾಡಲಿ ಅಂತ. ಅವನು ಖುಷಿಯಿಂದ ತಿಂದ.

ಶನಿವಾರ ಬಸ್ಸು ಬರುವ ಹೊತ್ತಿಗೆ ಚೂರು ಕಟ್ಟಿದ ನಾಯಿಗಳನ್ನು ಕರೆದುಕೊಂಡು ಬಂದು ಸೇತುವೆಯ ಈಚೆ ನಿಲ್ಲುವುದು ನೋಡಿಕೊಳ್ಳುವವರ ಕೆಲಸ. ಕಾಸಿಂ ಮೊದಲು ಇಳಿದ. ಅವನ ಕಾಲು ನೆಲ ಮುಟ್ಟಿತೋ ಇಲ್ಲವೋ, ದ್ಯಾವಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ಒಂದು ಕರೀ ನಾಯಿ ಬಂದು ಅವನ ಎದೆಗೆ ಅಪ್ಪಳಿಸಿತು. ಇಬ್ಬರೂ ಧೂಳಿನಲ್ಲಿ ಬಿದ್ದರು. ನಾಯಿ ಕುಂಯ್‌ಗುಡುತ್ತ ಅವನ ಮುಖ ನೆಕ್ಕಿತು, ಓಡಿಹೋಗಿ ದ್ಯಾವಮ್ಮನ ಕೈ ನೆಕ್ಕಿತು, ಮತ್ತೆ ಓಡಿಬಂದು ಅವನ ಮೇಲೆ ಬಿತ್ತು. ‘ಕಾಸಿಂ! ನಮ್ಮ ಕಾಸಿಂ ಕಣ್ರೋ!’ ಅಂತ ಜನ ಕೂಗಿಕೊಂಡರು. ನನಗೂ ಆಗಲೇ ನೆನಪಾಯಿತು. ನಮ್ಮ ಮದುವೆಯ ಚಪ್ಪರದ ಗಳದಿಂದ ಬಿದ್ದು ಕೈ ಮುರಿದುಕೊಂಡು, ಆ ಕೈಯಲ್ಲೇ ಪಾಯಸ ಉಂಡ ಪುಟ್ಟ ಹುಡುಗ ಇವನೇ. ಇದೇನು ಹೀಗಾಯಿತು ಅಂತ ಒಂದು ಗಳಿಗೆ ಬೆರಗಾಗಿ ನಿಂತೆ. ಮುದ್ದು ಮಾಡಿಸಿಕೊಂಡ ನಾಯಿ ಮರೆಯಬೇಕಾಗಿತ್ತಲ್ಲ.

ಆಮೇಲೆ ಬೋರಲಿಂಗಯ್ಯ ಕಂಡರು. ಪಕ್ಕದಲ್ಲಿ ಬೆಲ್ಲ. ಹೇಳಿದ ಹಾಗೆಯೇ ನೋಡಿಕೊಂಡಿದ್ದರು, ಸುಳ್ಳಾಡಬಾರದು. ಮೈ ತುಂಬಿತ್ತು, ಕೂದಲು ಹೊಳೆಯುತ್ತಿತ್ತು, ನನ್ನ ಸೀರೆಯ ಚೂರು ಒಗೆದು ಕಟ್ಟಿದ ಹಾಗೆ ಶುಭ್ರವಾಗಿತ್ತು. ‘ಬೆಲ್ಲಾ,’ ಅಂದೆ. ಅವನ ಒಂದು ಕಿವಿ ಸ್ವಲ್ಪ ಅಲುಗಿತು. ನನ್ನ ಕಡೆ ನೋಡಿದ. ಆ ನೋಟವನ್ನು ಏನಂತ ಹೇಳಲಿ, ದಾರಿಯಲ್ಲಿ ಹೋಗುವ ಗಾಡಿಯನ್ನು ನೋಡುವ ಹಾಗೆ ನೋಡಿ, ಮುಖ ತಿರುಗಿಸಿದ. ನಾನು ಕೂತು, ತೆವಳಿಕೊಂಡು ಹತ್ತಿರ ಹೋಗಿ, ಕೈ ಚಾಚಿದೆ. ಅವನು ಹೊಟ್ಟೆ ನೆಲಕ್ಕಂಟಿಸಿ, ಬಾಲ ಒಳಗೆಳೆದುಕೊಂಡು, ಕಣ್ಣು ಮುಚ್ಚಿದ. ಹೊಡೆತ ತಿಂದು ಗೊತ್ತಿರುವ ನಾಯಿಯಲ್ಲ ಅವನು. ಕೈ ಅಂದರೆ ಏನು ಅನ್ನುವುದೇ ಅವನಿಗೆ ಮರೆತುಹೋಗಿತ್ತು.

‘ಬೆಲ್ಲಾ, ನಾನು ಕಣೋ. ನಾನು ಕಣೋ ವನಜ,’ ಅಂತ ಎಷ್ಟು ಸಲ ಹೇಳಿದೆನೋ. ಜನ ಕಾಸಿಂನನ್ನು ಸುತ್ತುಗಟ್ಟಿಕೊಂಡು ಊರೊಳಗೆ ನಡೆದಿದ್ದರು. ಒಬ್ಬಿಬ್ಬರು ನನ್ನನ್ನು ನೋಡಿ ಆಕಳಿಸಿ ಮುಂದೆ ಹೋದರು.

‘ಗುರುತು ಹಿಡೀಲಿಲ್ಲವಲ್ಲಮ್ಮ,’ ಅಂದರು ಬೋರಲಿಂಗಯ್ಯ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ‘ನಾನೇನೂ ಕಡಿಮೆ ಮಾಡಿಲ್ಲ. ಯಾರೋ ಏನು ಹೇಳಿದ್ರೋ ಹಾಗೇ ಮಾಡಿದೀನಿ. ಒಂದಿನ ಗುಡುಗಿಗೆ ಹೆದರಿ ನಡುಗ್ತಾ ನನ್ನ ಕಾಲ ಸಂದೀಲಿ ಬಂದು ಕೂತ್ಕೊಂತು. ದೂರ ತಳ್ಳಿದೆ. ಮತ್ತೆ ಬಂತು. ಮತ್ತೆ ತಳ್ಳಿದೆ. ನಂಗೂ ಒಂಥರಾ ಆಯ್ತು, ಆದ್ರೆ ಮುಟ್ಟಬಾರದು ಅಂತ ಹೇಳಿದ್ರಲ್ಲ ಯಾರೋ ಪುಣ್ಯಾತ್ಗಿತ್ತಿ. ಆಮೇಲೆ ಅದು ಯಾವತ್ತೂ ಹತ್ರ ಬರ್ಲಿಲ್ಲ.’

ಆ ಪುಣ್ಯಾತ್ಗಿತ್ತಿ ನಾನೇ ಅಂತ ಹೇಳಲು ಬಾಯಿ ತೆರೆದೆ. ಏನು ಪ್ರಯೋಜನ. ಅವರು ಹಗ್ಗವನ್ನು ನನ್ನ ಕೈಗಿಟ್ಟರು. ‘ನಿಮಗೆ ಬೇಕಿದ್ರೆ ಕರ್ಕೊಂಡು ಹೋಗಿ. ಇದಕ್ಕೆ ಇನ್ಯಾರೂ ಬರೋ ಹಾಗೆ ಕಾಣಲ್ಲ,’ ಅಂದು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಟುಹೋದರು.

ಸೇತುವೆಯ ಹತ್ತಿರ ಉಳಿದವರು ನಾನು, ಬೆಲ್ಲ, ದ್ಯಾವಮ್ಮ. ಅವಳಿಗೂ ನಾನು ಯಾರು ಅಂತ ಗೊತ್ತಿರಲಿಲ್ಲ. ಆದರೂ ನನ್ನ ಚೀಲ ಎತ್ತಿಕೊಂಡಳು. ‘ಬಾ ತಾಯಿ, ಹಿಂದಿನ ಕೋಣೆ ಖಾಲಿ ಇದೆ,’ ಅಂದಳು. ದಾರಿಯಲ್ಲಿ ನಾನು ಕೇಳಿದೆ. ಅಲ್ಲ ದ್ಯಾವಮ್ಮ, ನಿಮ್ಮ ಹತ್ತಿರ ಇದ್ದ ನಾಯಿಗಳೇ ಯಜಮಾನರನ್ನು ಮರೆತವಲ್ಲ, ಮೂರು ಇದ್ದವಲ್ಲ ಅಂತ. ಅವಳು ನಿಂತು ನನ್ನ ಮುಖ ನೋಡಿದಳು.

‘ಅವು ನನ್ನ ಹತ್ರ ಇದ್ದು ಮರ್ತವಲ್ಲ ತಾಯಿ. ಮರ್ತ ಮೇಲೆ ನನ್ನ ಹತ್ರ ಬಂದವು. ಒಣ ಕೈಯೋರು ಸಾಕಿ ಹಿಂಗೆ ಕಲ್ಲಾದ ಮೇಲೆ ಯಾರಿಗೂ ಬೇಡ, ನಾನು ಕರ್ಕೊಂಡು ಬರ್ತೀನಿ. ಜನ ನನ್ನ ಮಾಳಿಗೆ ಮೇಲೆ ಅವನ್ನ ನೋಡಿ, ನೋಡು ದ್ಯಾವಿ ಕದ್ಲು ಅಂತಾರೆ. ಎಷ್ಟು ಜನಕ್ಕೆ ಹೇಳೋದು? ಹೇಳೋಕೆ ಹೋದ್ರೆ ಹಗ್ಗ ಎಳ್ಕೊಂಡು ಇಳಿದು ಹೋಗ್ತಾರೆ.’

ಅಲ್ಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಊರಿಗೆ ಊರೇ ಇಷ್ಟು ವರ್ಷ ಎಂಥ ಬುದ್ಧಿವಂತಿಕೆ ಮಾಡಿಕೊಂಡು ಬಂದಿದೆ ಅಂತ ಸಿಟ್ಟು ಬಂತು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಯಾರನ್ನೂ ಪ್ರೀತಿಸಬಾರದು ಅಂತ ಬೆಲ್ಲನನ್ನು ಕಂಬಕ್ಕೆ ಕಟ್ಟಿದೆ, ಯಾರನ್ನೂ ಪ್ರೀತಿಸದ ಹಾಗಾಗಿ ಕೂತ. ಆ ಯಾರಲ್ಲಿ ನಾನೂ ಸೇರಿದ್ದೆ. ಇವು ಮತ್ತೆ ಸರಿಹೋಗುತ್ತವೆಯೇ ಅಂತ ಕೇಳಿದೆ. ‘ಒಂದು ಸರಿಹೋಯ್ತು,’ ಅಂದಳು ದ್ಯಾವಮ್ಮ. ‘ನಾಲ್ಕು ವರ್ಷ ಹಿಡೀತು. ಅಷ್ಟೊತ್ತಿಗೆ ಅದರ ಯಜಮಾನ ಬೇರೆ ಊರಿಗೆ ಹೊರಟುಹೋಗಿದ್ದ.’

ಮರುದಿನ ಒಂದು ಡಬ್ಬಿ ಜೋಳ ತಗೊಂಡು ಗಿರಣಿಗೆ ಹೋದೆ. ತಿಪ್ಪೇಶ ಬೆಲ್ಟು ಸರಿಮಾಡುತ್ತಿದ್ದ. ತೆಳ್ಳಗಾಗಿದ್ದ. ಅಂಗಿಯ ಎರಡನೇ ಗುಂಡಿ ಇರಲಿಲ್ಲ, ಆ ಜಾಗಕ್ಕೆ ಪಿನ್ನು ಚುಚ್ಚಿಕೊಂಡಿದ್ದ. ‘ನುಣ್ಣಗೆ ಬೇಕಾ ತಾಯಿ, ತರಿತರಿನಾ?’ ಅಂದ. ತಾಯಿ ಅಂದ. ನನ್ನ ತಲೆಯ ಬಿಳಿ ನೋಡಿ ಅಂದಿರಬೇಕು. ನುಣ್ಣಗೆ ಅಂದೆ. ಜೋಳ ಸುರಿಯುವಾಗ, ‘ಮನೇಲಿ ಹೆಂಗಸರಿಲ್ವಾ? ಗುಂಡಿ ಹಾಕಿಸ್ಕೋಬಾರ್ದಾ?’ ಅಂತ ಕೇಳಿಯೇಬಿಟ್ಟೆ. ಅವನು ಉತ್ತರ ಕೊಡಲು ಹೊರಟವನು ಬಾಯಗಲಿಸಿ ಆಕಳಿಸಿದ, ಕಣ್ಣಲ್ಲಿ ನೀರು ಬರುವಷ್ಟು ಆಕಳಿಸಿದ. ‘ಏನೋ ಇತ್ತೀಚೆಗೆ ನಿದ್ದೆಯೇ ಸಾಲದು,’ ಅಂದು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ನಾನು ಅತ್ತಿದ್ದು ಅವನಿಗೆ ಕೇಳಿಸಲಿಲ್ಲ. ‘ನಾನು ನಿನ್ನ ಹೆಂಡತಿ’ ಅಂತ ಹೇಳಿದವರಿದ್ದಾರೆ ನಮ್ಮೂರಿನಲ್ಲಿ. ಅಂಥವರನ್ನು ಕಂಡರೆ ಮನೆಯವರು ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಗಿರಣಿಗೆ ಜೋಳ ತರುವುದಕ್ಕೂ ದಾರಿ ಇರುವುದಿಲ್ಲ. ನಾನು ಹಿಟ್ಟು ತಗೊಂಡು ಬಂದೆ.

ಈಗ ದ್ಯಾವಮ್ಮನ ಜೊತೆ ಹಪ್ಪಳ ಲಟ್ಟಿಸುತ್ತೇನೆ. ಬೆಲ್ಲ ನನ್ನ ಮಂಚದ ಕೆಳಗೆ ಗೋಡೆಗೆ ಮೈಯಾನಿಸಿಕೊಂಡು ಮಲಗುತ್ತಾನೆ. ನಾನು ಅವನ ಪಕ್ಕ ನೆಲದ ಮೇಲೆ ಕೂತು ದಿನಾ ಹೆಸರು ಹಿಡಿದು ಮಾತಾಡಿಸುತ್ತೇನೆ. ಅವನು ಕೇಳಿಸಿಕೊಳ್ಳುತ್ತಾನೆ, ಅಷ್ಟು ಹೇಳಬಲ್ಲೆ. ಕೈಯಿಂದ ತುತ್ತು ಕೊಟ್ಟರೆ ಇನ್ನೂ ತಿನ್ನುವುದಿಲ್ಲ. ನೆಲದ ಮೇಲಿಟ್ಟು ದೂರ ಹೋಗಬೇಕು. ಡಾಕ್ಟರು ಹೇಳಿದ ಹಾಗೆ ನನಗಿರುವುದು ಕೆಲವು ವರ್ಷ, ಅವನಿಗೂ ಹೆಚ್ಚೇನಿಲ್ಲ. ಇಬ್ಬರಲ್ಲಿ ಯಾರಿಗೆ ಮೊದಲು ಹೊತ್ತು ಮೀರುತ್ತದೋ ಅಂತ ಯೋಚನೆ ಬಂದಾಗ ಎದ್ದು ಹಿಟ್ಟು ಕುಟ್ಟಲು ಹೋಗುತ್ತೇನೆ.

ಶಾಲೆ ಬಿಟ್ಟ ಮೇಲೆ ಬೀದಿಯ ಮಕ್ಕಳು ಹಪ್ಪಳದ ಹಸಿ ಹಿಟ್ಟಿನ ಆಸೆಗೆ ಬರುತ್ತವೆ. ಎಣ್ಣೆ ಹಚ್ಚಿ ಒಂದೊಂದು ಉಂಡೆ ಕೊಟ್ಟರೆ ನೆಕ್ಕಿಕೊಂಡು ತಿನ್ನುತ್ತವೆ. ಕುಮುದ ಉಳಿದವರೆಲ್ಲ ಹೋದ ಮೇಲೂ ಕೂತಿರುತ್ತಾಳೆ. ಜಡೆಯನ್ನು ಅವರಪ್ಪ ಹಾಕುತ್ತಾನೆ, ಒಂದು ಮೇಲೆ ಒಂದು ಕೆಳಗೆ. ನಾನು ಬಿಚ್ಚಿ ಸರಿಯಾಗಿ ಹೆಣೆದು ಕಳಿಸುತ್ತೇನೆ. ಮೊನ್ನೆ ಅವಳು ಮಂಚದ ಕೆಳಗೆ ಬಗ್ಗಿ ಬೆಲ್ಲನನ್ನು ನೋಡುತ್ತ, ‘ಅಜ್ಜಿ, ಇದು ಯಾರ್ದು ನಾಯಿ?’ ಅಂದಳು.

‘ನಂದೇ ಕಣೇ.’

‘ಮತ್ತೆ ನಿಮ್ಮನ್ನ ಕಂಡ್ರೂ ಹೆದರುತ್ತೆ?’

‘ಹೂಂ. ಅದಕ್ಕೆ ಸ್ವಲ್ಪ ಹುಷಾರಿಲ್ಲ.’

ಅವಳು ಎದ್ದು ಕೂತು ಬೆರಳು ನೆಕ್ಕಿಕೊಂಡಳು. ಜಡೆಗೆ ನಾನು ರಿಬ್ಬನ್ನು ಕಟ್ಟುತ್ತಿದ್ದೆ. ‘ಅಜ್ಜಿ, ನಿಮಗೆ ಮಕ್ಕಳಿಲ್ವಾ?’

‘ಇದ್ದಾಳೆ, ಒಬ್ಬಳು ಮಗಳು.’

‘ಎಲ್ಲಿದ್ದಾಳೆ?’

‘ಇದೇ ಊರಲ್ಲಿ.’

‘ನಿಮ್ಮನ್ನ ನೋಡೋಕೆ ಬರಲ್ವಾ?’

‘ಬರ್ತಾಳಲ್ಲ,’ ಅಂದೆ. ‘ದಿನಾ ಬರ್ತಾಳೆ.’

ಕುಮುದ ಕತ್ತು ಹೊರಳಿಸಿ ಬೀದಿಯ ಕಡೆ ನೋಡಿದಳು. ‘ನಾನು ಒಂದು ದಿನಾನೂ ನೋಡೇ ಇಲ್ಲ,’ ಅಂದಳು. ‘ನಾನು ಬರೋಕೆ ಮುಂಚೆನೇ ಹೊರಟುಹೋಗ್ತಾಳೆ ಅನ್ಸುತ್ತೆ.’